ಗೋಬಿ ಮಂಚೂರಿ ಯಾವೂರಿನದು?

ಹೊಸಬರು ಸಿಕ್ಕರೆ ನಾವು ಮೊದಲು ಕೇಳುವ ಮಾತು, "ಯಾವೂರಾಯ್ತು ನಿಮ್ದು?" ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳುತ್ತೇವೆ. ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತೇವೆ. ಊರು ಗೊತ್ತಾದರೆ ಒಂದು ನಂಟೋ, ಪರಿಚಯವೋ, ಕೊನೆಗೆ ಆ ಊರಿನ ಸಂತೆಯ ಮಾತೋ ಸಿಕ್ಕೇ ಸಿಗುತ್ತದೆ. ಅಕ್ಕರೆಯ ಪ್ರಶ್ನೆ ಅದು.

ಅದನ್ನೇ ಬೆಂಗಳೂರಿನ ಪಾನಿಪುರಿ ಗಾಡಿಯ ಹುಡುಗನಿಗೆ ಕೇಳಿ. ಪೂರಿ ಒಡೆಯುವ ಹೆಬ್ಬೆರಳು ಒಂದು ಗಳಿಗೆ ನಿಲ್ಲುತ್ತದೆ. ನಾನು ಇದನ್ನು ಎಷ್ಟೋ ಸಂಜೆ ನೋಡಿದ್ದೇನೆ. ಕೇಳುತ್ತಿರುವವರು ಕಾರ್ಪೊರೇಷನ್ನಿನವರಾ, ಪೊಲೀಸರಾ ಎಂದು ಅವನು ಮೊದಲು ಮುಖ ನೋಡಿ ಅಳೆಯುತ್ತಾನೆ. ಆಮೇಲೆ ಉತ್ತರ. ಅದೂ ಬರೀ ರಾಜ್ಯದ ಹೆಸರು. ಊರಿನ ಹೆಸರು ಬಾಯಿಗೆ ಬರುವುದು ನಾಲ್ಕೈದು ಸಲ ಹೋಗಿ ಬಂದ ಮೇಲೆ.

ಒಬ್ಬರಿಗೆ ಅಕ್ಕರೆಯಾಗಿ ಕೇಳಿಸುವ ಮಾತು ಇನ್ನೊಬ್ಬರಿಗೆ ವಿಚಾರಣೆಯಾಗಿ ಯಾಕೆ ಕೇಳಿಸುತ್ತದೆ? ನಗರದ ಬೀದಿ ತಿಂಡಿಯನ್ನು ಅರಿಯಬೇಕಾದರೆ ಇಲ್ಲಿಂದ ಶುರು ಮಾಡಬೇಕು ಅನ್ನುವುದು ನನ್ನ ಅನಿಸಿಕೆ. ಎಲ್ಲಿ ಏನು ಚೆನ್ನಾಗಿ ಸಿಗುತ್ತದೆ ಅಂತ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಆ ಗಾಡಿ ಹಿಂದೆ ನಿಂತವರು ಯಾವಾಗ ಬಂದರು, ಯಾಕೆ ಬಂದರು, ಅಲ್ಲಿ ನಿಲ್ಲಲು ಯಾರ ಅಪ್ಪಣೆ ಬೇಕಾಯಿತು ಅಂತ ಕೇಳುವವರು ಕಡಿಮೆ. ಕೇಳುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ತಿಂಡಿಯನ್ನು ನಗರ ಬಲು ಬೇಗ ತನ್ನದು ಅಂದುಕೊಳ್ಳುತ್ತದೆ. ಅದನ್ನು ಹೊತ್ತು ತಂದವರನ್ನು ಮಾತ್ರ ವರ್ಷಗಟ್ಟಲೆ ಹೊರಗಿನವರಾಗಿಯೇ ನೋಡುತ್ತದೆ.

ಗೋಬಿ ಮಂಚೂರಿಯನ್ನೇ ತೆಗೆದುಕೊಳ್ಳಿ. ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಬಸ್ ಸ್ಟ್ಯಾಂಡ್ ಹತ್ತಿರ ಆ ಗಾಡಿ ಇರುತ್ತದೆ. ಗೋಬಿ, ಎಗ್ ರೈಸ್, ನೂಡಲ್ಸ್ ಅಂತ ದಪ್ಪ ಕನ್ನಡ ಅಕ್ಷರದಲ್ಲಿ ಬರೆದಿರುತ್ತದೆ. ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಅಂಗಡಿಯ ಪಕ್ಕದಲ್ಲೇ ಗೋಬಿಯ ಬಾಣಲೆ. ಬಾಣಲೆ ಮುಂದೆ ನಿಂತವರು ಮಂಡ್ಯ ಕಡೆಯವರೋ, ಹಾಸನ ಕಡೆಯವರೋ ಇರಬಹುದು. ಇದು ನಮ್ಮದಲ್ಲ ಅಂತ ಯಾರಿಗೂ ಅನ್ನಿಸುವುದಿಲ್ಲ.

ಆದರೆ ಅದರ ಹಾದಿ ದೂರದ್ದು. ಕೋಲ್ಕತ್ತದ ಟಾಂಗ್ರಾದಲ್ಲಿ ಹಕ್ಕಾ ಚೀನೀ ಕುಟುಂಬಗಳು ಚರ್ಮ ಹದ ಮಾಡುವ ಕಾರ್ಖಾನೆ ನಡೆಸುತ್ತಿದ್ದವು. ಅವರ ಅಡುಗೆ ಬಂಗಾಳದ ನಾಲಿಗೆಗೆ ಹೊಂದಿಕೊಂಡು ಬೇರೆಯೇ ಒಂದು ರುಚಿಯಾಯಿತು. ಕೋಲ್ಕತ್ತದಲ್ಲೇ ಹುಟ್ಟಿದ ಚೀನೀ ಮೂಲದ ಅಡುಗೆಯವರು ನೆಲ್ಸನ್ ವಾಂಗ್. 1975ರಲ್ಲಿ ಅವರು ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಕೋಳಿ ತುಂಡುಗಳಿಗೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ, ಗರಂ ಮಸಾಲೆಯ ಜಾಗದಲ್ಲಿ ಸೋಯಾ ಸಾಸ್ ಸುರಿದು ಚಿಕನ್ ಮಂಚೂರಿಯನ್ ಮಾಡಿದರು ಎಂದು ಹೇಳುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ಸಸ್ಯಾಹಾರಿಗಳ ಬೀದಿಗೂ ಇಳಿಯಿತು.

ಇದರ ನಡುವೆ ಇನ್ನೊಂದು ನಡೆದಿತ್ತು. ಅದನ್ನು ನಾವು ನೆನೆಯುವುದೇ ಇಲ್ಲ. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಸುಮಾರು 3000 ಚೀನೀ ಮೂಲದ ಜನರನ್ನು ರಾಜಸ್ಥಾನದ ದೇವ್ಲಿಯ ಬಂದೀಖಾನೆಗೆ ಒಯ್ದರು. ಅವರಲ್ಲಿ ಬಹಳ ಜನ ಇಲ್ಲೇ ಹುಟ್ಟಿದವರು. ಕೆಲವರು ವರ್ಷಗಟ್ಟಲೆ ಒಳಗಿದ್ದರು. ಬಿಡುಗಡೆಯಾದ ಎಷ್ಟೋ ಕುಟುಂಬಗಳು ಮುಂದೆ ಕೆನಡಾಕ್ಕೋ ಇನ್ನೆಲ್ಲಿಗೋ ಹೊರಟುಹೋದವು. ಸೋಯಾ ಸಾಸ್ ಇಲ್ಲಿ ಉಳಿಯಿತು. ಅದನ್ನು ಕಲಿಸಿದ ಮನೆತನಗಳು ಕಮ್ಮಿಯಾದವು. ಗೋಬಿ ಗಾಡಿ ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನು ನಮ್ಮ ಕಥೆಗೇ ಬರೋಣ. ಕನ್ನಡಿಗರು ಬೇರೆಯವರ ಊರಿನಲ್ಲಿ ತಿಂಡಿ ಮಾರಲು ಹೋದಾಗ ಏನಾಯಿತು?

ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಹುಡುಗರು ಮುಂಬೈಗೆ ಹೋಗಲು ಶುರು ಮಾಡಿ ನೂರು ವರ್ಷದ ಮೇಲಾಯಿತು. ಹತ್ತು ಹನ್ನೆರಡು ವಯಸ್ಸಿನ ಹುಡುಗ ಪರಿಚಯದ ಯಾರದೋ ಜೊತೆ ಹೊರಡುತ್ತಿದ್ದ. ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ, ಲೋಟ ತೊಳೆಯುತ್ತಿದ್ದ. ಕುಂದಾಪುರ ಕಡೆ ಹುಡುಗನಿಗೆ ಮಾಣಿ ಅನ್ನುತ್ತಾರೆ. ಹೋಟೆಲಿನ ಹುಡುಗನಿಗೂ ಅದೇ ಹೆಸರು ಅಂಟಿಕೊಂಡಿತು. 1942ರಲ್ಲಿ ಮಾಟುಂಗಾ ಸ್ಟೇಷನ್ ಹತ್ತಿರ ಎ. ರಾಮ ನಾಯಕ್ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದರು. ಬಾಳೆಲೆ ಊಟಕ್ಕೆ ಅಲ್ಲಿ ಇವತ್ತಿಗೂ ಜನ ಕಾಯುತ್ತಾರೆ. 1974ರಲ್ಲಿ ಕರ್ನಾಟಕದಲ್ಲಿ ಉಳುವವನಿಗೆ ಭೂಮಿ ಕೊಟ್ಟ ಕಾನೂನು ಬಂದ ಮೇಲೆ, ಗೇಣಿಗೆ ಕೊಟ್ಟಿದ್ದ ಜಮೀನು ಕಳೆದುಕೊಂಡ ಬಂಟ ಕುಟುಂಬಗಳಿಂದಲೂ ಬಹಳ ಜನ ಮುಂಬೈ ಹೋಟೆಲ್ ಕೆಲಸಕ್ಕೆ ಇಳಿದರು. ಊರಿನ ಹೊಲದಲ್ಲಿ ಆದ ಬದಲಾವಣೆ ಮುಂಬೈನ ಗಲ್ಲಾಪೆಟ್ಟಿಗೆಯಲ್ಲಿ ಕಾಣಿಸಿಕೊಂಡಿತು.

ಅಲ್ಲಿ ಎಲ್ಲರೂ ಕೈಬೀಸಿ ಕರೆಯಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿತು. ಅದರ ಮೊದಲ ವರ್ಷಗಳ ಸಿಟ್ಟು ದಕ್ಷಿಣದವರ ಮೇಲೆ. ಕೆಲಸ ನಮಗೆ ಸಿಗಬೇಕು ಅನ್ನುವ ಕೂಗು ಉಡುಪಿ ಹೋಟೆಲ್‌ಗಳ ಕಡೆಗೂ ತಿರುಗಿತು. ಲುಂಗಿ ಉಟ್ಟವರೆಂದು ಗೇಲಿ, ಗಾಜಿಗೆ ಕಲ್ಲು. ದಾದರ್ ಸ್ಟೇಷನ್ ಹೊರಗೆ ವಡಾ ಪಾವ್ ಶುರುವಾದದ್ದೂ ಅದೇ ವರ್ಷ ಎನ್ನುತ್ತಾರೆ. ಉಡುಪಿಯವರ ಇಡ್ಲಿ ದೋಸೆಗೆ ಎದುರಾಗಿ ವಡಾ ಪಾವ್ ಮರಾಠಿ ಹುಡುಗರ ತಿಂಡಿಯಾಗಿ ನಿಂತಿತು, ಪಕ್ಷ ಅದಕ್ಕೆ ಬೆನ್ನು ಕೊಟ್ಟಿತು. ಆ ತಿಂಡಿಯನ್ನು ಬಿಡಿಸಿ ನೋಡಿ. ಪಾವ್ ಅನ್ನುವ ಪದ ಪೋರ್ಚುಗೀಸರದ್ದು. ಒಳಗಿನ ಆಲೂಗಡ್ಡೆಯೂ ಮೆಣಸಿನಕಾಯಿಯೂ ಪೋರ್ಚುಗೀಸರ ಕಾಲದಲ್ಲಿ ಸಮುದ್ರ ದಾಟಿ ಬಂದವು. ನಮ್ಮ ಕರಾವಳಿಯ ಬಟಾಟೆಯೂ ಅವರ ಮಾತೇ. ಹಾಗಂತ ವಡಾ ಪಾವ್ ಮುಂಬೈನದ್ದಲ್ಲ ಅನ್ನೋಕಾಗಲ್ಲ. ಗಿರಣಿ ಕಾರ್ಮಿಕರು ನಿಂತಲ್ಲೇ ತಿಂದು ಪಾಳಿಗೆ ಓಡಬೇಕಿತ್ತು. ಆ ಅವಸರ ಮುಂಬೈನದ್ದು. ಊರಿನ ತಿಂಡಿ ಅಂದರೆ ಅದು. ಸಾಮಾನು ಎಲ್ಲಿಂದಾದರೂ ಬರಲಿ, ಊರಿನ ದಿನಚರಿ ಅದಕ್ಕೆ ಆಕಾರ ಕೊಟ್ಟಿರಬೇಕು.

ನಮ್ಮ ಮಾಣಿಗಳು ಅಲ್ಲಿ ಉಳಿದುಕೊಂಡದ್ದು ಹೇಗೆ? ಬರೀ ದೋಸೆಯ ಬಲದಿಂದ ಅಲ್ಲ. ಮುಂಬೈಯಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದವು. ಹೋಟೆಲ್ ಹುಡುಗರು ಹಗಲೆಲ್ಲ ದುಡಿದು ರಾತ್ರಿ ಆ ಬೆಂಚಿನ ಮೇಲೆ ಕೂತು ಓದಿದರು. ಅಲ್ಲಿಂದ ಗುಮಾಸ್ತರಾದವರು, ವಕೀಲರಾದವರು, ತಾವೇ ಹೋಟೆಲ್ ಇಟ್ಟವರು ಇದ್ದಾರೆ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳಿದ್ದವು, ಯಕ್ಷಗಾನ ಇತ್ತು. ಜ್ವರ ಬಂದರೆ ನೋಡುವವರು, ಸಾಲ ಬೇಕಾದರೆ ಜಾಮೀನು ನಿಲ್ಲುವವರು ಇದ್ದರು. ವಲಸೆ ಮತ್ತು ಗುರುತಿನ ವಿಚಾರ ಬಂದಾಗ ನಾವು ತಟ್ಟೆಯನ್ನೇ ಜಾಸ್ತಿ ನೋಡುತ್ತೇವೆ. ನೋಡಬೇಕಾದದ್ದು ಆ ರಾತ್ರಿ ಶಾಲೆಯನ್ನು. ಇವತ್ತು ಬೆಂಗಳೂರಿನಲ್ಲಿ ಮೋಮೋ ಬೇಯಿಸುವ ಹತ್ತೊಂಬತ್ತರ ಹುಡುಗನಿಗೆ ಅಂಥದ್ದೊಂದು ಬೆಂಚು ಎಲ್ಲಿದೆ? ನಾನು ಹುಡುಕಿದ ಬೀದಿಗಳಲ್ಲಿ ಕಾಣಲಿಲ್ಲ.

ಬೆಂಗಳೂರಿನ ತಿಂಡಿ ಅಂತ ನಾವು ಹೆಮ್ಮೆ ಪಡುವುದೂ ಬಂದವರ ಕೈರುಚಿಯೇ. 1924ರಲ್ಲಿ ಎಂಟಿಆರ್ ಶುರು ಮಾಡಿದ ಮಯ್ಯರು ಉಡುಪಿ ಹತ್ತಿರದ ಕೋಟದ ಕಡೆಯವರು. 1943ರ ವಿದ್ಯಾರ್ಥಿ ಭವನವೂ ಕರಾವಳಿಯವರದ್ದೇ. 1980ರ ದಶಕದಲ್ಲಿ ನಿಂತು ತಿನ್ನುವ ದರ್ಶಿನಿಗಳು ಬಂದವು. ಹಳೆಯ ಮಿಲಿಟರಿ ಹೋಟೆಲ್‌ಗಳಲ್ಲಿ ಮರಾಠ ಮನೆತನಗಳ ಕೈ ಇದೆ. ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ಚಳಿಗಾಲಕ್ಕೆ ಅವರೆಬೇಳೆ ಘಮ್ಮೆನ್ನುತ್ತದೆಯಲ್ಲ, ಆ ಕಾಯಿ ಮಾಗಡಿ ಕಡೆಯ ಹೊಲದ್ದು. ಊರು ದೊಡ್ಡದಾದ ಹಾಗೆಲ್ಲ ಒಂದೊಂದು ಸೀಮೆ ಬಂದು ಒಂದೊಂದು ಬಾಣಲೆ ಇಟ್ಟಿದೆ.

ಈಗಿನ ಮಾತಿನಲ್ಲಿ ವಲಸಿಗ ಅಂದ ಕೂಡಲೇ ಬಿಹಾರ, ಅಸ್ಸಾಂ, ಒಡಿಶಾ ಅಂತ ಕಣ್ಣು ಹೋಗುತ್ತದೆ. 2011ರ ಜನಗಣತಿ ಬೇರೆ ಹೇಳುತ್ತದೆ. ದೇಶದಲ್ಲಿ ಊರು ಬಿಟ್ಟು ಊರಿಗೆ ಬಂದವರು ಸುಮಾರು 45 ಕೋಟಿ. ರಾಜ್ಯದ ಗಡಿ ದಾಟಿದವರು ಅದರಲ್ಲಿ ಐದೂವರೆ ಕೋಟಿಯಷ್ಟು ಮಾತ್ರ. ಉಳಿದವರು ತಮ್ಮ ರಾಜ್ಯದೊಳಗೇ ಓಡಾಡಿದವರು. ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳೇ ಅದರಲ್ಲಿ ಜಾಸ್ತಿ. ಆದರೂ ಮಳೆ ಕೈಕೊಟ್ಟು ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರು ಸಣ್ಣ ಸಂಖ್ಯೆಯಲ್ಲ. ಅವರ ಹಿಂದೆಯೇ ಜೋಳದ ರೊಟ್ಟಿ ಬಂತು, ಶೇಂಗಾ ಚಟ್ನಿ ಬಂತು, ಖಾನಾವಳಿ ಬಂತು. ಶೆಡ್ಡಿನ ಮುಂದೆ ಸೌದೆ ಒಲೆ ಹೂಡಿ ರೊಟ್ಟಿ ತಟ್ಟುವ ಅವ್ವನ ಭಾಷೆ ಕನ್ನಡವೇ. ಆದರೂ "ನಿಮ್ಮ ಕಡೆ ಹೀಂಗ ಮಾತಾಡ್ತೀರೇನು" ಅಂತ ಅವಳ ಮಾತನ್ನು ಆಡಿಕೊಳ್ಳುವವರನ್ನು ಕಂಡಿದ್ದೇನೆ. ಭಾಷೆ ಒಂದೇ ಇದ್ದರೂ ಹೊರಗಿನವರು ಅನ್ನಿಸಿಕೊಳ್ಳುವುದು ತಪ್ಪಿಲ್ಲ.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಂದವರು ಕನ್ನಡ ಕಲಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅವರು ಬೇಗ ಕಲಿಯುವ ಜಾಗ ಯಾವುದು ಗೊತ್ತಾ? ತಿಂಡಿ ಗಾಡಿಯೇ. ಖಾರ ಜಾಸ್ತಿನಾ, ಈರುಳ್ಳಿ ಹಾಕ್ಲಾ, ಸಾಕಾ, ಚಿಲ್ಲರೆ ಕೊಡಿ ಅಕ್ಕಾ. ಒಂದು ತಿಂಗಳಲ್ಲಿ ಇಷ್ಟು ಬಂದುಬಿಡುತ್ತದೆ. ಗಿರಾಕಿಯ ಜೊತೆ ದಿನಕ್ಕೆ ಇನ್ನೂರು ಸಲ ಮಾತಾಡುವ ಕೆಲಸ ಅದು. ಬೀಗ ಹಾಕಿದ ಆಫೀಸಿನ ಗೇಟಿನೊಳಗೆ ಆ ಭಾಗ್ಯ ಇಲ್ಲ. ಆದರೆ ನಾವೇ ಮೊದಲು "ಭಯ್ಯಾ, ಏಕ್ ಪ್ಲೇಟ್" ಅಂದುಬಿಡುತ್ತೇವೆ. ಅವನು ಕಲಿತಿದ್ದ ನಾಲ್ಕು ಮಾತೂ ಬಾಯೊಳಗೇ ಉಳಿಯುತ್ತದೆ. ಅಣ್ಣಾ ಅಂತ ಕರೆದು ನೋಡಿ, ಉತ್ತರ ಕನ್ನಡದಲ್ಲೇ ಬರುತ್ತದೆ.

ಮೋಮೋ ಕಥೆ ಹೀಗೇ ಎರಡು ಮುಖದ್ದು. 1960ರ ಸುಮಾರಿಗೆ ಟಿಬೆಟ್‌ನಿಂದ ಬಂದವರಿಗೆ ಬೈಲಕುಪ್ಪೆಯಲ್ಲಿ ಮೈಸೂರು ರಾಜ್ಯ ಜಮೀನು ಕೊಟ್ಟಿತು. ಈಗ ಬೆಂಗಳೂರಿನ ಬೀದಿಯಲ್ಲಿ ಮೋಮೋ ಮಾಡುವವರು ಹೆಚ್ಚಾಗಿ ನೇಪಾಳ, ಉತ್ತರ ಬಂಗಾಳ, ಈಶಾನ್ಯದ ಹುಡುಗರು. ನಮ್ಮ ಮಕ್ಕಳಿಗೆ ಅದು ಸಂಜೆಯ ತಿಂಡಿ. ಅದೇ ಊರಿನಲ್ಲಿ 2012ರ ಆಗಸ್ಟ್‌ನಲ್ಲಿ ಒಂದು ಗಾಳಿಸುದ್ದಿ ಹಬ್ಬಿತು. ಹಲ್ಲೆ ಮಾಡುತ್ತಾರಂತೆ ಅನ್ನುವ ಮೆಸೇಜು. ಎರಡು ಮೂರು ದಿನದಲ್ಲಿ ಈಶಾನ್ಯದ ಸಾವಿರಾರು ಜನ ರೈಲ್ವೆ ಸ್ಟೇಷನ್ನಿಗೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ವರ್ಷಗಟ್ಟಲೆ ಇಲ್ಲಿ ದುಡಿದವರಿಗೆ ಈ ಊರು ನಮ್ಮನ್ನು ಕಾಯುತ್ತದೆ ಅನ್ನುವ ನಂಬಿಕೆ ಒಂದೇ ಮೆಸೇಜಿಗೆ ಕುಸಿದುಬಿತ್ತು ಅಂದರೆ, ಆ ನಂಬಿಕೆ ಎಷ್ಟು ತೆಳುವಾಗಿತ್ತು ಅಲ್ವಾ?

ಭಯಕ್ಕೆ ಕಾನೂನಿನ ಮುಖವೂ ಇದೆ. ಕಾಗದದ ಮೇಲೆ ಅವರ ಹಕ್ಕು ಗಟ್ಟಿಯಾಗಿದೆ. 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೀದಿ ಬದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನ ಕೊಟ್ಟ ವೃತ್ತಿಯ ಹಕ್ಕಿನೊಳಗೆ ಬರುತ್ತದೆ, ಸರ್ಕಾರ ಅದಕ್ಕೆ ನ್ಯಾಯವಾದ ಮಿತಿ ಹಾಕಬಹುದು ಎಂದಿತು. 2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಬಂತು. ಅದರ ಪ್ರಕಾರ ಪ್ರತಿ ಊರಿನಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಆರಿಸಿದವರಾಗಿರಬೇಕು, ಅವರಲ್ಲಿ ಮೂರರಲ್ಲೊಂದು ಭಾಗ ಹೆಣ್ಣುಮಕ್ಕಳು. ಐದು ವರ್ಷಕ್ಕೊಮ್ಮೆ ಸಮೀಕ್ಷೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಐವತ್ತು ವರ್ಷ ದಾಟಿದ ಬೀದಿ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿಯ ವ್ಯಾಪಾರಿಗಳನ್ನು ಬೇರೆ ಕಡೆಗೆ ಸಾಗಿಸಬಾರದು.

ಪ್ರಮಾಣಪತ್ರ ಪಡೆಯುವವರು ಬರೆದುಕೊಡಬೇಕಾದ ಮಾತು ಮೂರು. ವ್ಯಾಪಾರವನ್ನು ತಾನೋ ಮನೆಯವರೋ ಮಾಡಬೇಕು, ಬೇರೆ ಜೀವನೋಪಾಯ ಇರಬಾರದು, ಪತ್ರವನ್ನು ಬಾಡಿಗೆಗಾಗಲಿ ಮಾರಾಟಕ್ಕಾಗಲಿ ಕೊಡಬಾರದು. ಯಾವೂರಿನವರು, ಯಾವ ಭಾಷೆಯವರು ಅನ್ನುವುದು ಅದರಲ್ಲಿಲ್ಲ.

ಆದರೆ ಗಾಡಿ ನಿಂತ ಜಾಗದಲ್ಲಿ ಕಥೆಯೇ ಬೇರೆ. ಊರಿನ ಜನಸಂಖ್ಯೆಯ ಶೇ 2.5ರವರೆಗೂ ವ್ಯಾಪಾರಿಗಳಿಗೆ ಜಾಗ ಕಲ್ಪಿಸಬೇಕು ಅನ್ನುವುದು ಕಾಯ್ದೆಯ ಅಳತೆ. 2011ರ ಲೆಕ್ಕದ 84 ಲಕ್ಷ ಜನ ಹಿಡಿದರೂ ಬೆಂಗಳೂರಿಗೆ ಅದು ಎರಡು ಲಕ್ಷ ದಾಟುತ್ತದೆ. 2017ರ ಸಮೀಕ್ಷೆ ಗುರುತಿಸಿದ್ದು 25 ಸಾವಿರದ ಆಸುಪಾಸು. ಆ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಗುರುತಿನ ಚೀಟಿ ಇಲ್ಲ. ಚೀಟಿ ಇಲ್ಲದಿದ್ದರೆ 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲಕ್ಕೆ ಶಿಫಾರಸು ಪತ್ರ ಹಿಡಿದು ಅಲೆಯಬೇಕು. ಪಟ್ಟಿಯಿಂದ ಬಿಟ್ಟುಹೋಗುವವರಲ್ಲಿ ಬಂದವರೇ ಜಾಸ್ತಿ ಅನ್ನುವುದು ನಾನು ಬೀದಿಯಲ್ಲಿ ಕಂಡದ್ದು. ಯಾಕೆಂದರೆ ಎಷ್ಟೋ ಕಡೆ ಗಾಡಿ ಒಬ್ಬರದು, ಜಾಗದ ಹಿಡಿತ ಇನ್ನೊಬ್ಬರದು, ಬಾಣಲೆ ಮುಂದೆ ಬೇಯುವವನು ಮೂರನೆಯವನು.

ಇದನ್ನು ಪತ್ತೆ ಮಾಡಲು ಒಂದು ಸುಲಭ ದಾರಿ ಇದೆ. ದುಡ್ಡು ಕೊಡಲು ಕ್ಯೂಆರ್ ಸ್ಕ್ಯಾನ್ ಮಾಡಿ, ಪರದೆ ಮೇಲೆ ಬರುವ ಹೆಸರು ಓದಿ. ಬಹಳ ಸಲ ಅದು ನಿಮ್ಮೆದುರು ನಿಂತವನ ಹೆಸರಲ್ಲ. ಬೇರೆ ಜಿಲ್ಲೆಯವರದ್ದೋ, ಇದೇ ಬಡಾವಣೆಯ ಯಾರದ್ದೋ ಇರುತ್ತದೆ. ಈ ಗಾಡಿ ಯಾವೂರಿನವರದು ಅನ್ನುವ ಪ್ರಶ್ನೆಗೆ ಅಲ್ಲಿಗೆ ಒಂದೇ ಉತ್ತರ ಸಾಲುವುದಿಲ್ಲ. ಇದನ್ನು ಅಧ್ಯಯನ ಮಾಡಲು ಬರುವ ವಿದ್ಯಾರ್ಥಿಗಳು ಬರೀ ಮಾರುವವನ ಸಂದರ್ಶನ ತೆಗೆದುಕೊಂಡು ಹೋದರೆ ಅರ್ಧ ಕಥೆ ಕೈತಪ್ಪುತ್ತದೆ.

ಹೆಸರು ಅಂದಾಗ ಇನ್ನೊಂದು ನೆನಪಾಗುತ್ತದೆ. 2024ರ ಜುಲೈನಲ್ಲಿ ಉತ್ತರ ಪ್ರದೇಶ ಮತ್ತು ಉತ್ತರಾಖಂಡದಲ್ಲಿ, ಶಿವಭಕ್ತರು ಗಂಗಾಜಲ ಹೊತ್ತು ನಡೆಯುವ ಕಾಂವಡ ಯಾತ್ರೆಯ ದಾರಿಯ ತಿಂಡಿ ಅಂಗಡಿಗಳು ಮಾಲೀಕರ ಹೆಸರು ಹಾಕಬೇಕು ಎಂಬ ಆದೇಶ ಹೊರಟಿತ್ತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಏನು ಮಾರುತ್ತೀರಿ ಅಂತ ಹೇಳಿದರೆ ಸಾಕು, ಹೆಸರು ಹಾಕಲು ಬಲವಂತ ಮಾಡಬಾರದು ಎಂದಿತು. ತಿನ್ನುವವರಿಗೆ ಬೇಕಾದ ಮಾಹಿತಿ ಯಾವುದು, ಮಾರುವವರನ್ನು ಬೇರ್ಪಡಿಸುವ ಮಾಹಿತಿ ಯಾವುದು ಅನ್ನುವ ಗೆರೆ ಅಲ್ಲಿ ಕಂಡಿತು.

ನಮ್ಮ ರಾಜ್ಯದಲ್ಲಿ ಅದೇ ವರ್ಷ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಗೋಬಿಯ 171 ಮಾದರಿಗಳಲ್ಲಿ 107ರಲ್ಲಿ ಅಪಾಯದ ಬಣ್ಣ ಸಿಕ್ಕಿತ್ತು. ಆರೋಗ್ಯದ ದೃಷ್ಟಿಯಿಂದ ಅದು ಸರಿಯಾದ ಕೆಲಸ. ಮಕ್ಕಳು ತಿನ್ನುವ ಪದಾರ್ಥ ಅದು. ಆಮೇಲೆ ಪಾನಿಪುರಿಯ ಸರದಿ ಬಂತು. ಆಗ ನನ್ನ ಫೋನಿಗೆ ಬಂದ ಮೆಸೇಜುಗಳ ಧಾಟಿಯೇ ಬದಲಾಯಿತು. ಗೋಬಿಯ ವಿಷಯದಲ್ಲಿ ಬಣ್ಣದ ಡಬ್ಬಿಯನ್ನು ಬೈದವರು ಪಾನಿಪುರಿಯ ವಿಷಯದಲ್ಲಿ ಮಾರುವವರ ಊರನ್ನು ಬೈದರು. ಬಣ್ಣ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಊರು ಯಾವ ಪರೀಕ್ಷೆಯಲ್ಲೂ ಸಿಗುವ ದೋಷವಲ್ಲ. ಗಾಡಿ ಹತ್ತಿರ ಒಂದು ನಲ್ಲಿ, ಕಸಕ್ಕೆ ಒಂದು ಡಬ್ಬ ಕೊಟ್ಟರೆ ಅರ್ಧ ಸಮಸ್ಯೆ ಕರಗುತ್ತದೆ. ಜಾಗವೇ ಖಾತ್ರಿ ಇಲ್ಲದವನು ಸ್ಟೀಲಿನ ಒಳ್ಳೆಯ ಗಾಡಿಗೆ ದುಡ್ಡು ಹಾಕುವುದು ಹೇಗೆ?

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ. ಬೀದಿ ವ್ಯಾಪಾರಿಗಳ ಎಣಿಕೆ, ಜಾಗದ ಗುರುತು, ಸಮಿತಿಯ ಚುನಾವಣೆ ಇನ್ನು ಅವುಗಳ ಹೊಣೆ. ಹೊಸದಾಗಿ ಎಣಿಸುವಾಗ ಒಂದೆರಡು ಸಣ್ಣ ಬದಲಾವಣೆ ಮಾಡಿದರೂ ಬಹಳ ಹೆಸರುಗಳು ಪಟ್ಟಿಗೆ ಸೇರುತ್ತವೆ. ಎಣಿಸುವವರು ಬೆಳಿಗ್ಗೆ ಹತ್ತಕ್ಕೆ ಹೊರಟು ಸಂಜೆ ಐದಕ್ಕೆ ಮನೆಗೆ ಹೋದರೆ ಹೂ, ತರಕಾರಿಯವರು ಸಿಗುತ್ತಾರೆ. ತಿಂಡಿ ಗಾಡಿ ಬೀದಿಗೆ ಬರುವುದೇ ಐದರ ಮೇಲೆ. ಎಗ್ ರೈಸ್ ಗಾಡಿ ರಾತ್ರಿ ಹನ್ನೊಂದರವರೆಗೂ ಇರುತ್ತದೆ. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯ ಕೂಲಿಗಳಿಗೆ ಇಡ್ಲಿ, ಚಿತ್ರಾನ್ನ ಮಾರುವವರು ಏಳು ಗಂಟೆಗೆ ಪಾತ್ರೆ ತೊಳೆದು ಹೊರಟಿರುತ್ತಾರೆ. ಈ ಮೂರು ಹೊತ್ತಿಗೂ ಯಾರಾದರೂ ಹೋಗಬೇಕು. ಜೊತೆಗೆ ಹಿಂದಿ, ಬಂಗಾಳಿ, ಅಸ್ಸಾಮಿ, ನೇಪಾಳಿ ಬಲ್ಲ ಒಬ್ಬರಿದ್ದರೆ ಒಳ್ಳೆಯದು. ಫಾರಂನಲ್ಲಿ ಗಾಡಿ ಯಾರದ್ದು, ದಿನದ ಬಾಡಿಗೆ ಎಷ್ಟು, ಎಷ್ಟು ವರ್ಷದಿಂದ ಇದೇ ಜಾಗ ಅಂತ ಮೊದಲು ಕೇಳಲಿ. ಯಾವೂರು ಅನ್ನುವುದನ್ನು ಕೊನೆಗೆ, ಪೆನ್ನು ಜೇಬಿಗೆ ಹಾಕಿಕೊಂಡ ಮೇಲೆ, ಒಂದು ಪ್ಲೇಟ್ ತಿನ್ನುತ್ತಾ ಕೇಳಬಹುದು.